ಗ್ಲೌಸ್ ಮಾಸ್ತರ್ರು

ಆರಿದ್ರಾ ಮಳೆ ಹಿಡಿಯಿತೆಂದರೆ ಶಿಕಾರಿಪುರದಿಂದ ಸೊರಬದವರೆಗೆ ಊರಿಗೊಬ್ಬರಂತೆ ಗ್ಲೌಸ್ ಮಾಸ್ತರ್ರು ಕಾಣಿಸಿಕೊಳ್ಳುತ್ತಾರೆ. ನಿವೃತ್ತಿ ಹತ್ತಿರವಿರುತ್ತದೆ, ಡಾಕ್ಟರು ಶುಗರ್ ಇದೆ ಎಂದಿರುತ್ತಾರೆ, ಬೆಂಗಳೂರಿನ ಮಗ ಗೇರ್ ಸೈಕಲ್ ಕಳಿಸಿರುತ್ತಾನೆ. ಹುಚ್ಚರಾಯಸ್ವಾಮಿಗೆ ಕಾಯಿ ಒಡೆಸಿದ್ದಾಯಿತು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿದ್ದಾಯಿತು. ಇನ್ನು ಹೊರಡುವುದೊಂದೇ ಬಾಕಿ. ಆದರೆ ಗ್ಲೌಸ್ ಆಗಬೇಕಲ್ಲ!

ಗ್ಲೌಸ್ ಶಾಸ್ತ್ರ ಮಾಸ್ತರ್ರಿಗೆ ಬಾಯಿಪಾಠ. ಹತ್ತಿಯದು ನೀರು ಕುಡಿದು ಕೈ ಮರಗಟ್ಟಿಸುತ್ತದೆ. ಉಣ್ಣೆಯದು ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನಿಯೋಪ್ರೀನ್ ಒಳಗೆ ಬಂದ ನೀರನ್ನು ಮೈಬಿಸಿಯಲ್ಲೇ ಕಾಯಿಸಿ ಇಟ್ಟುಕೊಳ್ಳುತ್ತದೆ. ವಾಟರ್‌ಪ್ರೂಫ್ ಹೊರಗಿನ ಮಳೆ ತಡೆದು ಒಳಗೆ ಬೆವರಿನ ಮಳೆ ಸುರಿಸುತ್ತದೆ. ಎಲ್ಲವೂ ನಿಜವೇ. ಹೇಳುವ ಜಾಗ ಮಾತ್ರ ಚಾ ಅಂಗಡಿಯ ಬೆಂಚು.

"ಮಾಸ್ತರ್ರೇ, ಅದೆಲ್ಲ ಹಿಮ ಬೀಳೋ ದೇಶಕ್ಕಾತು. ನಮ್ಮಲ್ಲಿ ಆಷಾಢದಾಗೂ 20 ಡಿಗ್ರಿಗಿಂತ ಕೆಳಗೆ ಇಳಿಯೋದು ಅಪರೂಪ."

"ಥರ್ಮಾಮೀಟರ್ ಸೈಕಲ್ ಹೊಡೆಯಲ್ಲ ಮಾರಾಯ! ಒದ್ದೆ ಕೈಗೆ ಗಾಳಿ ಬಡಿದಾಗ ಗೊತ್ತಾಗ್ತದೆ."

ಮಾತು ಸರಿ. ಆದರೆ ಇವರ ಕೈ ಒದ್ದೆಯಾಗುವುದು ಊಟಕ್ಕೆ ಮುಂಚೆ ತೊಳೆದಾಗ.

ಆನ್‌ಲೈನಿನಲ್ಲಿ ತರಿಸಿದ ಮೊದಲ ಜೊತೆ ದಪ್ಪವಾಯಿತು, ಬ್ರೇಕ್ ಸಿಗಲಿಲ್ಲ. ಎರಡನೆಯದು ತೆಳುವಾಯಿತು, ಚಳಿ ನಿಲ್ಲಲಿಲ್ಲ. ಮೂರನೆಯದು ಎಲ್ಲ ಸರಿಯಿತ್ತು, ಮೊಬೈಲ್ ಒತ್ತಲಾಗಲಿಲ್ಲ. ಮೂರೂ ವಾಪಸ್. "ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗೋ" ಎಂದ ತಾಯಿಗೆ ಏರೋಡೈನಾಮಿಕ್ಸ್ ಪಾಠವಾಯಿತು.

ಗ್ಲೌಸಿಗೆ ಕಾಯದೆ ಮಳೆಯಲ್ಲಿ ಸೈಕಲ್ ಹೊಡೆದವರೂ ಇದ್ದಾರೆ. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಆಗ ಹಣಕಾಸು ಮಂತ್ರಿ ಶಿಕಾರಿಪುರದ ಶಾಸಕರೇ ಆದ ಯಡಿಯೂರಪ್ಪ. ಸೈಕಲ್ ಬಂತು, ಗ್ಲೌಸ್ ಬರಲಿಲ್ಲ. ಮಕ್ಕಳು ಯಾರನ್ನೂ ಕೇಳದೆ ಕೈಗೆ ಪ್ಲಾಸ್ಟಿಕ್ ಕೊಟ್ಟೆ ಸಿಕ್ಕಿಸಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಶಾಲೆ ಮುಟ್ಟಿದರು. ಡೇರಿಗೆ ಹಾಲು ಹಾಕುವವರದೂ ಅದೇ ಕೊಟ್ಟೆ. ಮಾಸ್ತರ್ರು ಅದನ್ನು ನೋಡಿ, "ಗಾಳಿಯಾಡಲ್ಲ" ಎಂದು ತಲೆಯಾಡಿಸಿದರು. ಗಾಳಿಯಾಡದಿದ್ದರೂ ಹಾಲು ಡೇರಿಗೆ ಮುಟ್ಟಿತ್ತು.

ಗ್ಲೌಸ್ ಕೊಳ್ಳುವವರಿಗೆ ಒಂದೇ ಮಾತು: ಹಾಕಿಕೊಂಡು ಬ್ರೇಕ್ ಒತ್ತಿ ನೋಡಿ. ಎರಡು ಬೆರಳಿಗೆ ಸಲೀಸಾಗಿ ಸಿಕ್ಕರೆ ದುಡ್ಡು ಕೊಟ್ಟು ಹೊರಡಿ. ಮಾಸ್ತರ್ರನ್ನು ಕೇಳಲು ಹೋದರೆ ಉತ್ತರೆ ಮಳೆ ಮುಗಿದರೂ ಸೈಕಲ್ ಜಗಲಿ ಇಳಿಯುವುದಿಲ್ಲ.