ಊರಿಗೆಲ್ಲ ಗೊತ್ತಿರುವ ನಂಬರು

ಮಾರ್ಕೆಟಿಂಗ್ ಆಟೊಮೇಷನ್ ಎಂದರೆ ನಾವು ಗೊರಕೆ ಹೊಡೆಯುವಾಗಲೂ ಗಿರಾಕಿಗಳಿಗೆ ಹೆಸರು ಹಿಡಿದು ಇಮೇಲ್ ಕಳಿಸುವ ಸಾಫ್ಟ್‌ವೇರು. ಲಕ್ಷ ಜನರ ಹೆಸರು ನೆನಪಿಟ್ಟುಕೊಳ್ಳುವ ಈ ಮಹಾಶಯನಿಗೆ ನೆಗಡಿಯಾಯಿತೆಂದು ಸಪೋರ್ಟ್‌ನವರಿಗೆ ಬರೆದು ನೋಡಿ, ನಮ್ಮ ಹೆಸರು ಅಲ್ಲಿ ಯಾರಿಗೂ ಬೇಡ. ‘ಅಕೌಂಟ್ ಐಡಿ ಕಳಿಸಿ’ ಅನ್ನುತ್ತಾರೆ.

ಕರೆಂಟ್ ಬಿಲ್ಲಿನಲ್ಲಿ ಆರ್‌ಆರ್ ನಂಬರೂ ಇರುತ್ತದೆ, ಅಕೌಂಟ್ ಐಡಿಯೂ ಇರುತ್ತದೆ. ಒಂದನ್ನು ಕೇಳಿದರೆ ನಾವು ಇನ್ನೊಂದನ್ನು ಓದಿ ಹೇಳುತ್ತೇವೆ. ಇಲ್ಲಿಯೂ ಅದೇ ಪಾಡು.

ಇಂಥ ಸಾಫ್ಟ್‌ವೇರುಗಳಲ್ಲಿ ಹಬ್‌ಸ್ಪಾಟ್ ಈ ವಿಷಯದಲ್ಲಿ ಸಂಭಾವಿತ. ಬಲಗಡೆ ಮೇಲಿನ ಮೂಲೆಯಲ್ಲಿ ಒತ್ತಿದರೆ ಹಬ್ ಐಡಿ ತೋರಿಸಿಬಿಡುತ್ತದೆ. ಹಳಬರು ಅದನ್ನೇ ಪೋರ್ಟಲ್ ಐಡಿ ಎಂದು ಕೇಳಿ ಗಾಬರಿಪಡಿಸುತ್ತಾರೆ, ಅಷ್ಟೆ. ಮಾರ್ಕೆಟೊದಲ್ಲಿ ಅದರ ಹೆಸರು ಮಂಚ್‌ಕಿನ್ ಐಡಿ: ಮೂರು ಅಂಕಿ, ಮೂರು ಅಕ್ಷರ, ಮತ್ತೆ ಮೂರು ಅಂಕಿ. 2018ರಲ್ಲಿ ಅಡೋಬಿಯವರು 475 ಕೋಟಿ ಡಾಲರ್ ಎಣಿಸಿ ಮಾರ್ಕೆಟೊವನ್ನು ಕೊಂಡರೂ ಮಂಚ್‌ಕಿನ್‌ನ ಹೆಸರು ಬದಲಾಗಲಿಲ್ಲ. ಸೇಲ್ಸ್‌ಫೋರ್ಸ್‌ನ ಪಾರ್ಡಾಟ್ ಕಥೆಯೇ ಬೇರೆ. 2022ರಲ್ಲಿ ಅದಕ್ಕೆ ಉದ್ದದ ಹೊಸ ನಾಮಕರಣವಾಯಿತು. ಬಳಸುವವರ ಬಾಯಲ್ಲಿ ಇನ್ನೂ ಪಾರ್ಡಾಟೇ. ಅದರ ಟ್ರ್ಯಾಕಿಂಗ್ ಕೋಡಿನಲ್ಲಿ ಕಾಣುವ ಅಕೌಂಟ್ ನಂಬರು ಅಸಲಿಗಿಂತ ಸರಿಯಾಗಿ 1000 ಹೆಚ್ಚು. ಯಾಕೆಂದು ಕೇಳಬಾರದು, ಸುಮ್ಮನೆ ಕಳೆಯಬೇಕು.

ಮಾರ್ಕೆಟೊದ ಮಂಚ್‌ಕಿನ್ ಇರುವುದು ಅಡ್ಮಿನ್ ಮೆನುವಿನೊಳಗೆ. ಆ ಮೆನು ಎಲ್ಲರಿಗೂ ಕಾಣಿಸುವುದಿಲ್ಲ. ಕಾಣುವ ಭಾಗ್ಯವಂತರು ಸಾಮಾನ್ಯವಾಗಿ ಮದುವೆಗೆಂದು ಊರಿಗೆ ಹೋಗಿರುತ್ತಾರೆ. ತಮಾಷೆಯೆಂದರೆ, ಆಫೀಸಿನೊಳಗೆ ಇಷ್ಟು ಮಡಿಯಲ್ಲಿರುವ ಇದೇ ನಂಬರು ಹೊರಗೆ ಬಟ್ಟಬಯಲು. ಕಂಪನಿಯ ವೆಬ್‌ಸೈಟ್ ತೆರೆದು ಕಂಟ್ರೋಲ್, ಯು ಒಟ್ಟಿಗೆ ಒತ್ತಿ, ಕಾಣುವ ಕೋಡಿನಲ್ಲಿ ‘ಮಂಚ್‌ಕಿನ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಸಾಕು. ಬಹಳಷ್ಟು ಸೈಟುಗಳಲ್ಲಿ ಪಕ್ಕದಲ್ಲೇ ಸಿಗುತ್ತದೆ. ಬಂದುಹೋದವರ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕೆಂದು ಬ್ರೌಸರಿಗೆ ಗೊತ್ತಾಗಬೇಕಲ್ಲ! ಎದುರಾಳಿ ಕಂಪನಿಯ ಹುಡುಗನೂ ಚಹಾ ಹೀರುತ್ತ ಓದಿಕೊಳ್ಳಬಹುದು. ಓದಿಕೊಂಡು ಮಾಡುವುದೇನೂ ಇಲ್ಲ. ಬಚ್ಚಿಡಬೇಕಾದದ್ದು ಖಾತೆಯ ಬೀಗದಕೈಯಂಥ ಎಪಿಐ ಕೀ. ಅದನ್ನು ನಮ್ಮ ಜನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಧಾರಾಳವಾಗಿ ಹಂಚುತ್ತಾರೆ.

ಹೀಗೆ ಸಿಕ್ಕಿದ್ದನ್ನು ಹೆಮ್ಮೆಯಿಂದ ಕಳಿಸುವ ಮುನ್ನ ಒಂದು ಗುಮಾನಿ ಇರಲಿ. ಪ್ರಯೋಗಕ್ಕೆಂದು ಇರುವ ಸ್ಯಾಂಡ್‌ಬಾಕ್ಸಿಗೆ ಬೇರೆಯೇ ಐಡಿ. ಸೈಟ್ ಕಟ್ಟಿದವರು ಸ್ಯಾಂಡ್‌ಬಾಕ್ಸಿನ ಟ್ರ್ಯಾಕಿಂಗ್ ಕೋಡನ್ನು ತೆಗೆಯಲು ಮರೆತಿದ್ದರೆ, ಮರುದಿನ ಸಪೋರ್ಟ್‌ನಿಂದ ವಿನಯದ ಉತ್ತರ ಬರುತ್ತದೆ: ‘ಧನ್ಯವಾದ. ಈ ಅಕೌಂಟಿನಲ್ಲಿ ಯಾವ ತೊಂದರೆಯೂ ಇಲ್ಲ.’