ಧಾರೆಗೂ ಆರತಕ್ಷತೆಗೂ ನಡುವೆ

ಸಾಗರದಲ್ಲಿ ಬಿಯರ್ ಸಿಗುವುದಿಲ್ಲವೆಂದು ಯಾರೂ ತಿಳಿಯಬಾರದು. ಧಾರಾಳವಾಗಿ ಸಿಗುತ್ತದೆ. ತೊಂದರೆಯೆಂದರೆ, ಊರಿನ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದವನು ವೈನ್‌ಸ್ಟೋರಿನ ಮುಂದೆ ನಿಂತರೆ ಅಲ್ಲಿ ಮೊದಲೇ ನಿಂತಿರುವವರೆಲ್ಲ ಹಳೆಯ ವಿದ್ಯಾರ್ಥಿಗಳೇ ಆಗಿರುತ್ತಾರೆ. ಒಳ್ಳೆಯ ಹುಡುಗರು. "ಸಾರ್, ನೀವು ಮುಂದೆ ಬನ್ನಿ ಸಾರ್" ಎಂದು ದಾರಿ ಬಿಡುತ್ತಾರೆ. ತೆಗೆದುಕೊಂಡ ಪುಸ್ತಕ ಇವತ್ತಿಗೂ ವಾಪಸು ಕೊಡದ ಒಬ್ಬ ಕೌಂಟರಿನವನಿಗೆ "ಸಾರ್‌ಗೆ ಚಿಲ್ಡ್ ಇರೋದು ಕೊಡೋ" ಎಂದು ಶಿಫಾರಸು ಮಾಡುತ್ತಾನೆ. ಇಷ್ಟು ಗೌರವವನ್ನು ಬಹಿರಂಗವಾಗಿ ತಾಳಿಕೊಳ್ಳುವ ಶಕ್ತಿ ನನಗಿಲ್ಲ. ಹಾಗಾಗಿ ಬಿಯರನ್ನು ಬೆಂಗಳೂರಿಗೆಂದೇ ಮೀಸಲಿಟ್ಟಿದ್ದೇನೆ.

ನಮ್ಮ ಕಡೆಯವರು ಬೆಂಗಳೂರಿಗೆ ಹೋಗುವುದು ಮದುವೆಗೆ, ಗೃಹಪ್ರವೇಶಕ್ಕೆ, ಇಲ್ಲವೇ ಕಣ್ಣಿನ ಡಾಕ್ಟರ ಹತ್ತಿರ. ಇವುಗಳಲ್ಲಿ ಬಿಯರಿಗೆ ಹೊಂದುವುದು ಮದುವೆ. ಗೃಹಪ್ರವೇಶದಲ್ಲಿ ಟೈಲ್ಸು ಹೊಗಳುತ್ತಲೇ ಇಡೀ ದಿನ ಹೋಗುತ್ತದೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡವನಿಗೆ ಗ್ಲಾಸೂ ಕಾಣುವುದಿಲ್ಲ, ಬಿಲ್ಲೂ ಕಾಣುವುದಿಲ್ಲ. ಮದುವೆಯಲ್ಲಾದರೆ ಊಟ ಮುಗಿದ ಒಂದೂವರೆಯಿಂದ ಆರತಕ್ಷತೆಯ ಆರೂವರೆಯವರೆಗೆ ಹೆಂಗಸರು ಸೀರೆ ಬದಲಿಸುತ್ತಾರೆ, ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಾರೆ. ಯಾರು ಎಲ್ಲಿ ಹೋದರೆಂದು ಲೆಕ್ಕ ಇಡುವವರಿಲ್ಲ. ಮದುವೆ ಕಾಗದ ಬಂದ ಕೂಡಲೇ ನನ್ನ ಹೆಂಡತಿ ಹುಡುಗಿಯ ತಾಯಿಯ ತವರು ಯಾವುದೆಂದು ಹುಡುಕಿದರೆ ನಾನು ಕಲ್ಯಾಣಮಂಟಪದ ವಿಳಾಸ ಹುಡುಕುತ್ತೇನೆ. ಇಂದಿರಾನಗರವೋ ಹಲಸೂರೋ ಆದರೆ ಸಂಬಂಧ ಎಷ್ಟೇ ದೂರದ್ದಿರಲಿ, ಹೋಗದಿದ್ದರೆ ತಪ್ಪಾಗುತ್ತದೆಂದು ವಾದಿಸುತ್ತೇನೆ. ಪೀಣ್ಯದಿಂದಾಚೆಗಿನ ದಂಪತಿಗಳಿಗೆ ನನ್ನ ಆಶೀರ್ವಾದ ಫೋನಿನಲ್ಲೇ ಸಲ್ಲುತ್ತದೆ.

ಬಿಯರಿಗೆ ಮಧ್ಯಾಹ್ನವೇ ಪ್ರಶಸ್ತವೆಂಬುದು ಅನಿವಾರ್ಯದಿಂದ ಹುಟ್ಟಿದ ನನ್ನ ಸಿದ್ಧಾಂತ. ಈಗ ಅದನ್ನು ತತ್ವವಾಗಿಯೇ ಒಪ್ಪಿಕೊಂಡಿದ್ದೇನೆ. ಸಂಜೆಯಾದ ಮೇಲೆ ಬೆಂಗಳೂರಿನ ಯಾವ ಮೈಕ್ರೊಬ್ರೂವರಿಗೆ ಹೋದರೂ ಕಿವಿ ಗಡಚಿಕ್ಕುವ ಸಂಗೀತ, ಹುಟ್ಟುಹಬ್ಬದ ಗುಂಪು, ಕೇಕು, ಕಿರುಚಾಟ. ವೇಟರಿಗೆ ನೀವು ಹೇಳಿದ್ದು ಕೇಳಿಸದು, ಅವನು ತಂದದ್ದು ಏನೆಂದು ನಿಮಗೆ ತಿಳಿಯದು. ವಾರದ ದಿನ ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿ. ಅರ್ಧ ಮೇಜು ಖಾಲಿ. ವೇಟರಿಗೆ ಮಾತಾಡಲು ಪುರುಸೊತ್ತಿದೆ. ಅದೃಷ್ಟವಿದ್ದರೆ ಗಂಬೂಟು ಹಾಕಿದ ಒಬ್ಬ ಹುಡುಗ ಟ್ಯಾಂಕಿನ ಹತ್ತಿರ ಪೈಪು ಹಿಡಿದು ತೊಳೆಯುತ್ತಿರುತ್ತಾನೆ. ಅವನೇ ಬ್ರೂವರ್. ಅವನನ್ನು ಮಾತಿಗೆಳೆದರೆ ಅರ್ಧ ಕೆಲಸ ಆದಂತೆ.

ನನ್ನ ಅಣ್ಣನ ಮಗ ಇದನ್ನು ಒಪ್ಪುವುದಿಲ್ಲ. ಅವನು ಸಾಫ್ಟ್‌ವೇರಿನವನು, ಫೋನು ನೋಡದೆ ನೀರೂ ಕುಡಿಯುವವನಲ್ಲ. "ಚಿಕ್ಕಪ್ಪ, ಇದಕ್ಕೆ ನಾಲ್ಕೂವರೆ ಸ್ಟಾರ್ ಇದೆ" ಎಂದ. ಯಾಕೆ ಕೊಟ್ಟಿದ್ದಾರೆ ಓದು ಮಾರಾಯ ಎಂದೆ. ಓದಿದ. ಒಬ್ಬ ಪಾರ್ಕಿಂಗ್ ಚೆನ್ನಾಗಿದೆ ಎಂದು ಐದು ಕೊಟ್ಟಿದ್ದ. ಇನ್ನೊಬ್ಬಳಿಗೆ ಉಯ್ಯಾಲೆಯಲ್ಲಿ ಕೂತು ತೆಗೆದ ಫೋಟೊ ಚೆನ್ನಾಗಿ ಬಂದಿತ್ತು. ಮತ್ತೊಬ್ಬನಿಗೆ ಪನ್ನೀರ್ ಟಿಕ್ಕಾ ಹಿಡಿಸಿತ್ತು. ಬಿಯರಿನ ವಿಷಯ ಎತ್ತಿದವನು ಒಬ್ಬನೇ, ಅದೂ ತಣ್ಣಗಿತ್ತು ಎಂದಷ್ಟೇ. ತಣ್ಣಗಿದ್ದದ್ದು ಫ್ರಿಜ್ಜಿನ ಗುಣವೇ ಹೊರತು ಬಿಯರಿನದಲ್ಲ.

ಅಲ್ಲಿಗೇ ಹೋದೆವೆನ್ನಿ. ಹೆಸರು ಬೇಡ. ಮೇಲೆ ಬಣ್ಣದ ಛತ್ರಿಗಳು ತಲೆಕೆಳಗಾಗಿ ತೂಗುತ್ತಿದ್ದವು, ಗೋಡೆಯಲ್ಲಿ ನೀರು ಸುರಿಯುತ್ತಿತ್ತು, ಪಟ್ಟಿಯಲ್ಲಿ ಕಲ್ಲಂಗಡಿ, ಲಿಚಿ, ಪಾನ್ ಎಂದು ಬಗೆಬಗೆಯ ಬಿಯರ್. ನಾನು ಎಂದಿನಂತೆ ಎಲ್ಲಕ್ಕಿಂತ ಸಾದಾ ಲಾಗರ್ ಕೇಳಿದೆ. ಬಂತು. ಮೂಗಿನ ಹತ್ತಿರ ಹಿಡಿದರೆ ಗಮ್ಮೆಂದು ಬೆಣ್ಣೆ. ದಾವಣಗೆರೆಯ ದೋಸೆಗೆ ಅದು ಭೂಷಣ, ಲಾಗರಿಗೆ ದೂಷಣ. ಬಿಯರು ಹುಳಿಯುವಾಗ ಡಯಾಸಿಟೈಲ್ ಎಂಬ ವಸ್ತು ಹುಟ್ಟುತ್ತದೆ, ಬೆಣ್ಣೆಯ ವಾಸನೆ ಅದರದ್ದು. ಯೀಸ್ಟಿಗೆ ಇನ್ನೂ ಒಂದಿಷ್ಟು ದಿನ ಕೊಟ್ಟರೆ ತಾನು ಹುಟ್ಟಿಸಿದ್ದನ್ನು ತಾನೇ ತಿಂದು ಮುಗಿಸುತ್ತದೆ. ಅಷ್ಟು ದಿನ ಕಾಯುವ ತಾಳ್ಮೆ ಮಾಲೀಕನಿಗಿರಬೇಕು.

ಸಾದಾ ಬಿಯರನ್ನೇ ನಾನು ಮೊದಲು ಕೇಳುವುದು ಇದಕ್ಕೇ. ಏಲ್ ಜಾತಿಯ ಬಿಯರು ಸ್ವಲ್ಪ ಬೆಚ್ಚಗಿನ ಹದದಲ್ಲಿ ಹುಳಿಯುತ್ತದೆ, ಎರಡು ವಾರದ ಸುಮಾರಿಗೆ ಗ್ಲಾಸಿಗೆ ಬರುತ್ತದೆ. ಲಾಗರ್ ತಣ್ಣಗಿನ ಟ್ಯಾಂಕಿನಲ್ಲಿ ನಾಲ್ಕಾರು ವಾರ ಸುಮ್ಮನೆ ಮಲಗಬೇಕು. ಅಷ್ಟು ದಿನ ಆ ಟ್ಯಾಂಕಿನಿಂದ ಒಂದು ಪೈಸೆ ಹುಟ್ಟುವುದಿಲ್ಲ. ನೂರಡಿ ರಸ್ತೆಯ ಬಾಡಿಗೆ ಕಟ್ಟುತ್ತಾ ಒಂದು ಟ್ಯಾಂಕನ್ನು ಮಲಗಲು ಬಿಡುವವನು ಬಿಯರನ್ನು ಪ್ರೀತಿಸುವವನೇ ಇರಬೇಕು. ಜೊತೆಗೆ ಲಾಗರಿನಲ್ಲಿ ತಪ್ಪು ಮುಚ್ಚಿಡಲು ಏನೂ ಇಲ್ಲ. ಹಣ್ಣಿನ ರಸ ಸುರಿದ ಬಿಯರಿನಲ್ಲಿ ಬೆಣ್ಣೆಯಿರಲಿ ಬೆಕ್ಕೇ ಬಿದ್ದಿದ್ದರೂ ಗೊತ್ತಾಗುವುದು ಕಷ್ಟ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಎಂಬ ಕಹಿ ಹೂ ಬಿಟ್ಟು ಬೇರೇನೂ ಬೀಳಕೂಡದೆಂದು ಕಟ್ಟಳೆ ಮಾಡಿದರು. ಅವರ ಸೀಮೆಯಲ್ಲಿ ಮಾವಿನಹಣ್ಣಿನ ಸೀಸನ್ ಇರಲಿಲ್ಲ, ಕಟ್ಟಳೆ ನಡೆಯಿತು. ನಾನು ಅಷ್ಟು ಮಡಿವಂತನಲ್ಲ. ಬೇಸಗೆಯಲ್ಲಿ ಮಾವಿನದ್ದು ಚೆನ್ನಾಗಿಯೇ ಇರುತ್ತದೆ, ಚಿಕ್ಕಮಗಳೂರಿನ ಕಾಫಿ ಬೀಜ ಬಿದ್ದ ಸ್ಟೌಟ್‌ಗಂತೂ ಯಾವ ಮಲೆನಾಡಿಗನೂ ಬೇಡವೆನ್ನಲಾರ. ಆದರೆ ಅವಕ್ಕೆ ಹೋಗುವುದು ಸಾದಾ ಪಾಸಾದ ಮೇಲೆ.

ಬೆಂಗಳೂರಿಗೆ ಬಿಯರೇನೂ ಹೊಸದಲ್ಲ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣದ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಹಿಂದೆ ಅವರ ಬ್ರೂವರಿಯಿದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಅಲ್ಲಿನ ಗಾಜಿನ ಹಿಂದೆ ಇಟ್ಟ ಒಂದು ಕೈಚೀಲದ ದುಡ್ಡಿಗೆ ನಮ್ಮೂರಲ್ಲಿ ಎರಡು ಜರ್ಸಿ ಹಸು, ಕರು ಸಮೇತ ಬರುತ್ತವೆ. ನಾವು ಹುಡುಗರಾಗಿದ್ದಾಗಿನದು ಪಬ್ಬುಗಳ ಕಾಲ. ಚರ್ಚ್ ಸ್ಟ್ರೀಟಿನಲ್ಲಿ ಬಾಹ್ಯಾಕಾಶ ನೌಕೆಯಂತೆ ಸಿಂಗರಿಸಿದ ನಾಸಾ, ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ಶುರುವಾದ ಪೀಕೋಸ್. ಆಗ ಆಯ್ಕೆಯ ತಲೆನೋವೇ ಇರಲಿಲ್ಲ. ಬಿಯರ್ ಎಂದರೆ ಬಿಯರ್, ಮಗ್ಗಿನಲ್ಲೋ ಪಿಚರಿನಲ್ಲೋ ಎಂಬುದೊಂದೇ ಪ್ರಶ್ನೆ.

ಅಲ್ಲಲ್ಲೇ ಕಾಯಿಸಿ ಅಲ್ಲಲ್ಲೇ ಕುಡಿಸುವ ಮೈಕ್ರೊಬ್ರೂವರಿಗಳು ಬಂದದ್ದು 2010ರಿಂದೀಚೆಗೆ. ಇಂದಿರಾನಗರದ ಟಾಯ್ಟ್ ಆ ಮೊದಲ ತಂಡದ್ದು, ಈಗ ಒಂದು ಬಗೆಯ ಮಠವಾಗಿದೆ. ಮೆಟ್ರೊ ಇಳಿದು ನಡೆದೇ ಹೋಗಬಹುದು. ವಯಸ್ಸಾದ ಭಕ್ತರಿಗೆ ಇದು ದೊಡ್ಡ ಅನುಕೂಲ. ಬಾಸ್ಮತಿ ಅಕ್ಕಿ ಬಿದ್ದ ಒಂದು ಬ್ಲಾಂಡ್ ಅಲ್ಲಿದೆ, ಟಿನ್‌ಟಿನ್ ಹೆಸರಿನ ಬೆಲ್ಜಿಯನ್ ಮಾದರಿಯ ಗೋಧಿ ಬಿಯರೂ ಇದೆ. ಹೊಟ್ಟೆಯಲ್ಲಿ ಮದುವೆ ಊಟದ ಬಿಸಿಬೇಳೆಬಾತು, ಹೋಳಿಗೆ ಕೂತಿರುವಾಗ ನನಗೆ ಈ ಎರಡನೆಯದೇ ಹಿತ.

ಕಹಿ ಬೇಕಾದವರು ಮ್ಯಾಗ್ರಾತ್ ರಸ್ತೆಯ ಆರ್ಬರ್‌ಗೆ ಹೋಗಬೇಕು. ಅಮೆರಿಕದ ಮಿಶಿಗನ್ನಿನ ಆನ್ ಆರ್ಬರ್ ಎಂಬ ಊರಿನ ಬ್ರೂವರಿಯ ಹೆಸರು ಹೊತ್ತು 2012ರಲ್ಲಿ ಇಲ್ಲಿಗೆ ಬಂದದ್ದು ಅದು. ಅಲ್ಲಿನ ಇಂಡಿಯಾ ಪೇಲ್ ಏಲ್‌ಗೆ ರೇಜಿಂಗ್ ಎಲಿಫೆಂಟ್ ಎಂದು ಹೆಸರು. ಈ ಜಾತಿಯ ಬಿಯರಿನ ಪ್ರಯಾಣ ನೋಡಿದರೆ ನನಗೆ ನಗು ಬರುತ್ತದೆ. ಕಂಪನಿ ಸರ್ಕಾರದ ಕಾಲದಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಯವರು ಹಡಗಿನ ಕಪ್ತಾನರಿಗೆ ವರ್ಷದ ಮೇಲೆ ಸಾಲ ಕೊಟ್ಟು ಬಿಯರು ತುಂಬಿಸಿ ಕಳಿಸುತ್ತಿದ್ದರು. ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಬಿಸಿಲಲ್ಲಿ ಕುಲುಕಾಡಿ ಅದು ಇಲ್ಲಿನ ದೊರೆಗಳ ಮೇಜಿಗೆ ಬರಬೇಕು. ಹಾಪ್ಸ್ ಹೆಚ್ಚಿದ್ದರೆ ಕೆಡುವುದಿಲ್ಲ, ಹಾಗಾಗಿ ಕಹಿ. ಇಂಡಿಯಾದ ಹೆಸರಿಟ್ಟುಕೊಂಡ ಈ ಬಿಯರನ್ನು ಆಮೇಲೆ ಇಂಡಿಯಾದವರೇ ಮರೆತರು, ಅಮೆರಿಕದವರು ಮತ್ತೆ ತಲೆ ಮೇಲೆ ಹೊತ್ತರು, ಈಗ ಮಿಶಿಗನ್ನಿನ ಮೇಲಾಸಿ ಊರಿಗೆ ಬಂದಿದೆ. ಹಾಗಲಕಾಯಿ ಗೊಜ್ಜು ತಿಂದು ಬೆಳೆದ ನನಗೆ ಮೊದಲ ಗುಟುಕಿಗೇ ಹಿಡಿಸಿತು. ಅಣ್ಣನ ಮಗ ಮುಖ ಹಿಂಡಿ, ಚಿಕ್ಕಪ್ಪ ಇದಕ್ಕೆ ಸಕ್ಕರೆ ಹಾಕ್ತಾರಾ ಎಂದು ಕೇಳಿದ.

ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಬಿಯರಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಪುಸ್ತಕ. ಎತ್ತರದ ಕಪಾಟುಗಳ ತುಂಬಾ ಪುಸ್ತಕ, ಒಂದು ಕಡೆ ಜಾಜ್ ಕಛೇರಿಯ ವೇದಿಕೆ. ವೃತ್ತಿಯ ಚಟ ನೋಡಿ, ನಾನು ಗ್ಲಾಸು ಕೆಳಗಿಟ್ಟು ಎದ್ದು ಹೋಗಿ ಪುಸ್ತಕಗಳ ಬೆನ್ನು ಓದತೊಡಗಿದೆ. ನನಗೆ ಕಂಡಂತೆ ಬೇರೆ ಯಾರೂ ಎದ್ದವರಿಲ್ಲ. ನಮ್ಮ ಕಾಲೇಜಿನ ಲೈಬ್ರರಿಯೂ ಹಾಗೇ ಇತ್ತು, ಬಿಯರ್ ಒಂದು ಇರಲಿಲ್ಲ.

ಇನ್ನು ಗುರುತು ಹಿಡಿಯುವ ಸಣ್ಣಪುಟ್ಟ ವಿದ್ಯೆಗಳು. ಮೊದಲು ರುಚಿಗೆಂದು ಸಣ್ಣ ಗ್ಲಾಸುಗಳಲ್ಲಿ ಕೇಳಬೇಕು. ಮುಖ ಸಿಂಡರಿಸದೆ ತಂದುಕೊಡುವ ಕಡೆ ಕೂರಬೇಕು. ಗ್ಲಾಸು ಖಾಲಿಯಾಗುತ್ತಾ ಬಂದಂತೆ ನೊರೆಯ ಬಳೆಗಳು ಒಳಗೋಡೆಗೆ ಅಂಟಿಕೊಂಡು ಉಳಿದರೆ ಗ್ಲಾಸು ಶುಚಿಯಾಗಿದೆ ಎಂದರ್ಥ. ಜಿಡ್ಡಿದ್ದರೆ ನೊರೆ ನಿಲ್ಲದು. ಒಮ್ಮೆ ಹಾಗೆ ನೊರೆ ಇಳಿದದ್ದನ್ನು ಕಂಡು ನಾನು ವೇಟರಿಗೆ ಉಪನ್ಯಾಸ ಕೊಡಲು ಶುರುಮಾಡಿದೆ. ಅವನು ವಿನಯದಿಂದ ನನ್ನ ಮೀಸೆಯನ್ನೂ ಮುಂದಿದ್ದ ಕಾಂಗ್ರೆಸ್ ಕಡಲೆಬೀಜದ ತಟ್ಟೆಯನ್ನೂ ನೋಡಿ, ಕಾಗದದ ಕರವಸ್ತ್ರ ಮುಂದೆ ಸರಿಸಿ ಹೋದ.

ಎಲ್ಲಕ್ಕಿಂತ ನಂಬಿಕೆಯ ಗುರುತು ಬೇರೆಯಿದೆ. ಕೇಳಿದ ಬಿಯರು "ಇವತ್ತು ಇಲ್ಲ ಸಾರ್, ಇನ್ನೂ ಆಗಿಲ್ಲ" ಎಂದು ಹೇಳುವ ಜಾಗ ಒಳ್ಳೆಯ ಜಾಗ. ಒಂಬತ್ತೂವರೆಗೆ ಇಡ್ಲಿ ಖಾಲಿ ಎನ್ನುವ ಹೋಟೆಲಿನ ಹಾಗೆ. ಎಲ್ಲವೂ ಎಲ್ಲ ದಿನವೂ ಇದೆ ಎನ್ನುವ ಕಡೆ ನಾನು ನೀರು ಕುಡಿದು ಏಳುತ್ತೇನೆ.

ಈ ವಿದ್ಯೆಯನ್ನು ಧಾರೆಯೆರೆಯಲು ತಕ್ಕ ಶಿಷ್ಯ ಅಣ್ಣನ ಮಗನಲ್ಲವೆಂದು ಖಾತ್ರಿಯಾದ ಮೇಲೆ ಸಿಕ್ಕವರು ಭಾವ. ಅಕ್ಕ, ಭಾವ ಇರುವುದು ಹೆಣ್ಣೂರಿನ ಆಚೆ. ಭಾವ ಸರ್ಕಾರಿ ಕೆಲಸದಿಂದ ನಿವೃತ್ತರು, ಯಾವುದನ್ನೂ ಕಡತ ನೋಡದೆ ಮಂಜೂರು ಮಾಡುವವರಲ್ಲ. ಒಂದು ಮದುವೆಯ ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಗೋಧಿ ಬಿಯರು ಮೂಸಿ, "ಇದಕ್ಕೆ ಸಾರಿನ ಪುಡಿ ಬಿದ್ದಿದೆಯಲ್ಲಯ್ಯ" ಎಂದರು. ಬೆಲ್ಜಿಯನ್ ಮಾದರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುವುದು ಪದ್ಧತಿ ಎಂದೆ. ಪರವಾಗಿಲ್ಲ ಎಂಬಂತೆ ತಲೆದೂಗಿದರು. ಜರ್ಮನ್ ಮಾದರಿಯದು ಬಂದಾಗ ಬಾಳೆಹಣ್ಣು ಎಂದರು. ಗಂಬೂಟಿನ ಹುಡುಗನನ್ನು ಕರೆದು ಯಾವ ಬಾಳೆ, ಏಲಕ್ಕಿಯೋ ಪಚ್ಚಬಾಳೆಯೋ ಎಂದು ವಿಚಾರಣೆ ನಡೆಸಿದರು. ಹಾಸನದ ಹುಡುಗ. "ಹಣ್ಣು ಹಾಕಲ್ಲ ಸಾರ್, ಯೀಸ್ಟೇ ಆ ವಾಸನೆ ಮಾಡುತ್ತೆ, ಲವಂಗದ್ದೂ ಅದೇ" ಎಂದ. ಭಾವನಿಗೆ ಇದು ಪುರಾವೆಯಿಲ್ಲದ ಹೇಳಿಕೆ ಎನಿಸಿರಬೇಕು. ಟ್ಯಾಂಕು ತೋರಿಸು ಎಂದರು.

ತೋರಿಸಿದ. ಮೊಳೆಯಿಸಿ ಒಣಗಿಸಿದ ಬಾರ್ಲಿಯ ಮಾಲ್ಟನ್ನು ನುಚ್ಚು ಮಾಡಿ ಬಿಸಿನೀರಿಗೆ ಹಾಕುವುದು, ಸಿಹಿನೀರು ಬಸಿದುಕೊಳ್ಳುವುದು, ಅದನ್ನು ಹಾಪ್ಸ್ ಜೊತೆ ಕುದಿಸಿ ಆರಿಸಿ ಯೀಸ್ಟ್ ಹಾಕುವುದು.

"ಬಸಿದ ಮೇಲೆ ಉಳಿಯೋ ಬಾರ್ಲಿ ಏನ್ಮಾಡ್ತೀರಿ?" ಲೆಕ್ಕಪರಿಶೋಧನೆ ಶುರುವಾಯಿತು.

"ಹಸು ಸಾಕೋರು ಬಂದು ತುಂಬ್ಕೊಂಡು ಹೋಗ್ತಾರೆ ಸಾರ್. ಅದರಲ್ಲಿ ನಶೆ ಏನೂ ಇರಲ್ಲ, ಯೀಸ್ಟ್ ಹಾಕೋಕೆ ಮುಂಚೆನೇ ತೆಗೆದಿರ್ತೀವಿ. ಹೆಣ್ಣೂರು ಕಡೆಯಿಂದ ಒಬ್ಬರು ಬರ್ತಾರೆ, ಹಸಿರು ಟೆಂಪೊ."

ಭಾವ ಮತ್ತೆ ಪ್ರಶ್ನೆ ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಅಕ್ಕನ ಮನೆಯಲ್ಲಿ ಕಾಫಿ. ಗೇಟಿನಾಚೆ ಹಾಲಿನವನ ಟೆಂಪೊ ತಿರುಗಿಸಿಕೊಳ್ಳುತ್ತಿತ್ತು, ಹಸಿರು. ಅಕ್ಕ ಲೋಟ ಕೈಗಿಡುತ್ತಾ, "ಈಚೆಗೆ ಹಾಲು ಎಷ್ಟು ಗಟ್ಟಿ ಬರ್ತದೆ ಮಾರಾಯ. ಹಸುವಿಗೆ ಎಂತ ಹಾಕ್ತಾನೋ" ಎಂದಳು.

"ಬಾರ್ಲಿ" ಎಂದರು ಭಾವ.

"ಹೌದಾ? ಒಳ್ಳೇದೇ. ಬಾರ್ಲಿ ದೇಹಕ್ಕೆ ತಂಪು. ನೀವೂ ದಿನಾ ಒಂದು ಲೋಟ ಕುಡೀರಿ ಅಂತ ನಾನು ಬಡ್ಕೊಳ್ತಾನೇ ಇದ್ದೆ, ಕೇಳಿದ್ರಾ?"

"ಆಯ್ತು ಕಣೇ, ನೀನು ಇಷ್ಟು ಹೇಳಿದ ಮೇಲೆ" ಎಂದು ಭಾವ ನನ್ನ ಕಡೆ ನೋಡದೆ ಕಾಫಿ ಹೀರಿದರು.