ಸೀಸಕ್ಕೆ ಬಣ್ಣ, ನನಗೆ ಮಂಗಳಾರತಿ

ಟೆಕ್ಸಾಸಿನಲ್ಲಿರುವ ನನ್ನ ಭಾವಮೈದ ಸೀಸ ಕರಗಿಸಿ ಬಂದೂಕಿನ ಗುಂಡನ್ನು ತಾನೇ ಎರಕ ಹೊಯ್ಯುತ್ತಾನೆ, ಅದಕ್ಕೆ ಪೌಡರ್ ಕೋಟಿಂಗ್ ಮಾಡುತ್ತಾನೆ, ಭಾನುವಾರ ಶೂಟಿಂಗ್ ರೇಂಜಿಗೆ ಹೋಗಿ ಹಾರಿಸಿ ಬರುತ್ತಾನೆ. ಅತ್ತೆಯವರ ಪಾಲಿಗೆ ಅವನು ವಿಜ್ಞಾನಿ. ನಾನು, ಕುಕ್ಕರಿನ ಗ್ಯಾಸ್ಕೆಟ್ ಬದಲಿಸಲು ವಾಚ್‌ಮನ್ನನ್ನು ಕರೆಯುವ ಹೈದರಾಬಾದಿನ ಅಳಿಯ.

ಗುಂಡಿನ ತಂಟೆ ನಮಗೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲು. ಆದರೆ ಕೋಟಿಂಗ್ ಮಾಡಬೇಡ ಎಂದು ಯಾವ ಕಾಯ್ದೆಯೂ ಹೇಳಿಲ್ಲವಲ್ಲ! ಮೇಲಿನ ಮನೆಯ ಹುಡುಗ ಗಾಳ ಹಾಕುವವನು. ಗಾಳದ ದಾರಕ್ಕೆ ಭಾರ ಕಟ್ಟುವ ಸೀಸದ ಮಣಿಗಳನ್ನು ಅವನಿಂದ ಬೇಡಿ ತಂದೆ. ಮೀನು ಕಂಡರೆ ಮೂಗು ಮುಚ್ಚುವ ಮನೆಯಲ್ಲಿ ಅದೇ ಮೊದಲ ಸುತ್ತಿನ ಜಗಳವಾಯಿತು.

ಇತಿಹಾಸವನ್ನೂ ಎಳೆದು ತಂದೆ. ನಾವಿರುವುದು ಮೂಸಾರಾಂಬಾಗ್. ನಿಜಾಮರ ಫ್ರೆಂಚ್ ದಂಡನಾಯಕ ರೇಮಂಡ್ ಜನರ ಬಾಯಲ್ಲಿ ಮೂಸಾ ರಾಮ್ ಆಗಿ ಈ ಬಡಾವಣೆಗೆ ಹೆಸರಾದವನು. ತೋಪ್ ಕಾ ಸಾಂಚಾ, ಅಂದರೆ ಗನ್‌ಫೌಂಡ್ರಿಯಲ್ಲಿ ಫಿರಂಗಿ ಎರಕ ಹೊಯ್ಯಿಸಿದವನೂ ಅವನೇ. 1798ರಲ್ಲಿ ಆತ ತೀರಿಕೊಂಡ ಮೇಲೆ ಏರಿಯಾದಲ್ಲಿ ಈ ವಿದ್ಯೆಗೆ ವಾರಸುದಾರರಿಲ್ಲ ಎಂದೆ. "ರೀ, ಅವನು ಹೆಂಡತಿ ಓವನ್‌ಗೆ ಕೈ ಹಾಕಿರಲಿಲ್ಲ" ಎಂದಳು ನನ್ನವಳು.

ಕೆಲಸವೇನೋ ಸಲೀಸು. ಪ್ಲಾಸ್ಟಿಕ್ ಡಬ್ಬಿಗೆ ಜಿಡ್ಡು ತೆಗೆದ ಮಣಿ, ಒಂದಿಷ್ಟು ಪ್ಲಾಸ್ಟಿಕ್ ಗೋಲಿ, ಚಮಚೆ ಪಾಲಿಯೆಸ್ಟರ್ ಪುಡಿ ಹಾಕಿ ಗಡಗಡ ಅಲುಗಾಡಿಸಿದರೆ ಉಜ್ಜಾಟಕ್ಕೆ ಸ್ಥಿರವಿದ್ಯುತ್ ಹುಟ್ಟಿ ಪುಡಿ ಸೀಸಕ್ಕೆ ಅಂಟಿಕೊಳ್ಳುತ್ತದೆ. ಮಳೆಗಾಲದ ತೇವದಲ್ಲಿ ಸರಿಯಾಗಿ ಅಂಟುವುದಿಲ್ಲ. ಹೈದರಾಬಾದಿನ ಮೇ ತಿಂಗಳು ಇದಕ್ಕೆಂದೇ ಇರುವುದು. ಆಮೇಲೆ 200 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಬೆಂದದ್ದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರೂ ಬಣ್ಣ ಚಕ್ಕೆ ಏಳಬಾರದು, ಅಸಿಟೋನ್ ಬಟ್ಟೆಯಲ್ಲಿ ಒರೆಸಿದರೂ ಬಿಡಬಾರದು. ಗುಂಡಿಗಾದರೆ ಈ ಪದರ, ಜಾರಲೆಂದು ಸವರುವ ಮೇಣದ ಹೊಗೆ ತಪ್ಪಿಸುತ್ತದೆ, ನಳಿಗೆಗೆ ಸೀಸ ಮೆತ್ತದಂತೆ ಕಾಯುತ್ತದೆ. ಗಾಳದ ಮಣಿಗೆ ಏನು ಮಾಡುತ್ತದೆ ಎಂದು ಮೀನು ಹೇಳಬೇಕು.

ಕುಂಕುಮ ಬಣ್ಣದ ಮಣಿಗಳನ್ನು ಇಕ್ಕುಳದಲ್ಲಿ ಹಿಡಿದು ಅಡುಗೆಮನೆಗೆ ಹೋದೆ. ಓವನ್‌ಗೆ ಬೆನ್ನು ಕೊಟ್ಟು ಅವಳು ನಿಂತಿದ್ದಳು, ಕೈಯಲ್ಲಿ ಲಟ್ಟಣಿಗೆ.

"ಸೀಸ ಕರಗೋದು 327 ಡಿಗ್ರಿಗೆ ಕಣೇ. ನಿನ್ನ ಓವನ್ ಹೋಗೋದೇ 250ರವರೆಗೆ. ಭಯ ಇಲ್ಲ."

"ಕರಗದೇ ಇದ್ರೆ ಅದು ವಿಷ ಅಲ್ವಾ? ನಾಳೆ ಅದರಲ್ಲೇ ಮಗುವಿಗೆ ಕೇಕ್ ಮಾಡ್ಲಾ?"

ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವನು ನಾನು. ಉತ್ತರ ಗೊತ್ತಿದ್ದದ್ದು ಅವಳಿಗೆ. ಅದೇ ಇಕ್ಕುಳದ ಸಮೇತ ಬಾಲಾನಗರದ ಪೌಡರ್ ಕೋಟಿಂಗ್ ಶೆಡ್ಡಿಗೆ ನಡೆದೆ. ಅಲ್ಲಿ ಗೇಟು, ಗ್ರಿಲ್ಲು ಸಾಲಾಗಿ ಭಟ್ಟಿಗೆ ಹೋಗುತ್ತಿದ್ದವು. ಮಾಲೀಕ ನನ್ನ ಮಣಿಗಳನ್ನು ನೋಡಿ, "ಕ್ಯಾ ಸಾಬ್, ಗೋಲಿಯಾಟ ಆಡ್ತೀರಾ?" ಎಂದು ಟೀ ಕುಡಿಸಿ ಕಳಿಸಿದ.

ಬೇಯದ ಮಣಿಗಳು ಈಗ ಬಾಲ್ಕನಿಯಲ್ಲಿ, ಮಗುವಿನ ಕೈಗೆಟುಕದ ಬೀಗದ ಪೆಟ್ಟಿಗೆಯಲ್ಲಿವೆ. ಬೀಗದಕೈ ಹೆಂಡತಿಯ ಬಳಿ. ಓದುಗರಲ್ಲಿ ಯಾರದಾದರೂ ಮನೆಯಲ್ಲಿ ಮೂಲೆ ಸೇರಿದ ಹಳೆಯ ಓವನ್ ಇದ್ದರೆ ದಯವಿಟ್ಟು ತಿಳಿಸಿ. ವಾಪಸು ಮಾತ್ರ ಕೇಳಬೇಡಿ. ಒಮ್ಮೆ ಸೀಸ ಹೊಕ್ಕ ಓವನ್ ಮತ್ತೆ ಅಡುಗೆಗೆ ಬರುವುದಿಲ್ಲ.